ಲಾವಾ ದೀಪ ಕಾಯುವ ಹೊತ್ತು

ಇದು ನಡೆದ ಸಂಗತಿ. ನಡೆದದ್ದು ಏಪ್ರಿಲ್ ಒಂದನೇ ತಾರೀಕು ಎಂದ ಕೂಡಲೇ ಕೇಳುವವರ ಹುಬ್ಬು ಮೇಲೇರುತ್ತದೆ. ಏರಲಿ. ಏರಿದ್ದೆಲ್ಲ ಕೊನೆಗೆ ಇಳಿಯುತ್ತದೆ ಎಂಬುದಕ್ಕೆ ಈ ಕಥೆಯಲ್ಲಿ ಸಾಕಷ್ಟು ಮೇಣವಿದೆ.

ಬೆರಿಲ್‌ಗೆ ಎಪ್ಪತ್ತೆಂಟು ವರ್ಷ. ಜನವರಿಯಲ್ಲಿ ಒಂದು ದಿನ ಕಿಟಕಿಯ ಪರದೆ ಬಿಚ್ಚಲೆಂದು ಸ್ಟೂಲು ಹತ್ತಿದವಳು, ಇಳಿಯುವಾಗ ಸ್ಟೂಲನ್ನು ಕೇಳಲಿಲ್ಲ. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯವರು ಹೊಸ ಕೀಲು ಹಾಕಿದರು, ಹಳೆಯ ಮೆಟ್ಟಿಲು ಇನ್ನು ಬೇಡ ಎಂದರು. ಹ್ಯಾಮ್‌ವರ್ದಿಯಲ್ಲಿ ಅವಳಿದ್ದದ್ದು ಮೂರನೆಯ ಮಹಡಿಯ ಬಾಡಿಗೆ ಮನೆ, ಲಿಫ್ಟಿಲ್ಲ. ಅದನ್ನು ಬಿಟ್ಟುಕೊಟ್ಟು, ಎರಡು ಸೂಟ್‌ಕೇಸು, ಒಂದು ಬೀರು, ಒಂದು ಊರುಗೋಲಿನೊಂದಿಗೆ ಪಾರ್ಕ್‌ಸ್ಟನ್‌ನಲ್ಲಿದ್ದ ಮಗ ಕ್ಲೈವ್‌ನ ಮನೆಗೆ ಬಂದಳು. ಊರು ಅದೇ, ಇಂಗ್ಲೆಂಡಿನ ಕಡಲದಂಡೆಯ ಪೂಲ್. ಬಸ್ಸಿನಲ್ಲಿ ಅರ್ಧ ಗಂಟೆ. ಆ ಬಸ್ಸನ್ನು ಓಡಿಸುವವನು ಕ್ಲೈವನೇ.

ಮನೆಯ ಮಹಡಿಯ ಮೇಲೆ ಮಲಗುವ ಕೋಣೆಗಳು ಎರಡೇ. ಒಂದು ಕ್ಲೈವ್ ಮತ್ತು ಅವನ ಹೆಂಡತಿ ಲೋರ್ನಾಳದು, ಇನ್ನೊಂದು ಮಗಳು ಟ್ಯಾಮ್ಸಿನ್‌ಳದು. ಕೆಳಗೆ ಅಡುಗೆಮನೆ, ಊಟದ ಕೋಣೆ, ಬೀದಿಗೆ ಮುಖ ಮಾಡಿದ ಮುಂದಿನ ಕೋಣೆ. ಊಟದ ಕೋಣೆಯಲ್ಲಿ ಯಾರಾದರೂ ಊಟ ಮಾಡಿ ವರ್ಷಗಳೇ ಆಗಿದ್ದವು. ಅಲ್ಲಿ ಕ್ಲೈವ್ ಬಿಯರ್ ಮಾಡುತ್ತಿದ್ದ. ಗೋಡೆಗುಂಟ ಪೀಪಾಯಿಗಳು, ಮೇಜಿನ ತುಂಬ ಗಾಜಿನ ಜಾಡಿಗಳು, ಕುರ್ಚಿಗಳ ಬೆನ್ನಿಗೆ ಹಾವಿನ ಹಾಗೆ ಜೋತುಬಿದ್ದ ರಬ್ಬರು ಕೊಳವೆಗಳು. ಹೆಂಡತಿ, ಅದನ್ನು ಖಾಲಿ ಮಾಡಿ ಅಮ್ಮನಿಗೆ ಕೊಡೋಣ ಎಂದಾಗ ಅವನು ಗಂಭೀರವಾಗಿ ಹೇಳಿದ್ದು ಒಂದೇ ಮಾತು: "ಹುದುಗು ಬರ್ತಿರೋವಾಗ ಅಲ್ಲಾಡಿಸಬಾರದು." ಹುದುಗು ಬರದ ದಿನವೊಂದು ಆ ಕೋಣೆಯಲ್ಲಿ ಇರಲೇ ಇಲ್ಲ. ಆದ್ದರಿಂದ ಬೆರಿಲ್‌ಳ ಮಂಚ ಮುಂದಿನ ಕೋಣೆಗೆ ಬಂತು.

ಮುಂದಿನ ಕೋಣೆ ಲೋರ್ನಾಳ ಲಾವಾ ದೀಪಗಳ ಕೋಣೆ.

ಶಾಲೆಯೊಂದರ ಅಡುಗೆಮನೆಯಲ್ಲಿ ದಿನವಿಡೀ ಬಟಾಣಿ ಬೇಯಿಸುತ್ತಿದ್ದ ಲೋರ್ನಾ, ಭಾನುವಾರ ಬೆಳಗಾದರೆ ಹಳೆಯ ಸಾಮಾನಿನ ಸಂತೆಗಳಿಗೆ ಹೋಗುತ್ತಿದ್ದಳು. ಕಾರಿನ ಡಿಕ್ಕಿ ತೆರೆದು ಜನ ಮಾರುವ ಬೇಡದ ವಸ್ತುಗಳ ನಡುವೆ ಅವಳ ಕಣ್ಣು ಹುಡುಕುತ್ತಿದ್ದದ್ದು ಒಂದನ್ನೇ. ಹದಿನೆಂಟು ದೀಪಗಳಾಗಿದ್ದವು. ಗೋಡೆಗೆ ನೇರಳೆ ಬಣ್ಣ, ಕಿಟಕಿಗೆ ಸಾಸಿವೆ ಹಳದಿಯ ದಪ್ಪ ಪರದೆ. ಎತ್ತರದವು ಮೂಲೆಗೆ, ಗಿಡ್ಡವು ಕಪಾಟಿಗೆ, ಬೆಂಕಿ ಕಾಣದೆ ಎಷ್ಟೋ ಕಾಲವಾಗಿದ್ದ ಅಗ್ಗಿಷ್ಟಿಕೆಯ ಗೂಡಿನೊಳಗೆ ಮೂರು ಹಸಿರು. ನಡುವೆ, ಕನ್ನಡಿಯ ಮುಂದೆ, ಎಲ್ಲಕ್ಕಿಂತ ಹಳೆಯದಾದ ಕಿತ್ತಳೆ ಬಣ್ಣದ್ದು. ಕನ್ನಡಿಯಲ್ಲಿ ಅದು ಎರಡಾಗಿ ಕಾಣಲಿ ಎಂದು ಅವಳು ಒಂದು ಇಡೀ ಸಂಜೆ ಜಾಗ ಹುಡುಕಿದ್ದಳು. ತಳದ ಬಲ್ಬು ಕಾದು, ಸೀಸೆಯೊಳಗಿನ ಮೇಣ ಉಬ್ಬಿ, ಮೆಲ್ಲನೆ ಮೇಲೆದ್ದು, ಮೇಲೆ ತಣ್ಣಗಾಗಿ, ಸೋಮಾರಿಯಂತೆ ಕೆಳಗಿಳಿಯುವುದನ್ನು ನೋಡುತ್ತ ಕೂತರೆ ಲೋರ್ನಾಳಿಗೆ ಬಟಾಣಿ ಮರೆತುಹೋಗುತ್ತಿತ್ತು.

ಬೆರಿಲ್‌ಗೆ ಮಾತ್ರ ಅವು ಎಲ್ಲವನ್ನೂ ನೆನಪಿಗೆ ತರುತ್ತಿದ್ದವು. ಹದಿನೆಂಟನೆಯ ವಯಸ್ಸಿನಲ್ಲಿ, ಇದೇ ಊರಿನ ದೀಪದ ಕಾರ್ಖಾನೆಯಲ್ಲಿ, ಇವೇ ದೀಪಗಳನ್ನು ಅವಳು ಡಬ್ಬಿಗೆ ತುಂಬುತ್ತಿದ್ದಳು. ಬಂದ ನೆಂಟರೆಲ್ಲ ಇದನ್ನು ಕೇಳಿ ಕೈ ತಟ್ಟಿ ಸಂತೋಷಪಡುತ್ತಿದ್ದರು. ಮೊಮ್ಮಗಳೂ ಮೊದಲ ದಿನ ಅದನ್ನೇ ಕೇಳಿದಳು: "ಖುಷಿ ಅಲ್ವಾ ಅಜ್ಜಿ? ನೀನೇ ಮಾಡಿದ ದೀಪಗಳ ಮಧ್ಯೆ ಮಲಗ್ತೀಯ."

"ಮಾಡ್ಲಿಲ್ಲ ಕಣೇ, ಪ್ಯಾಕ್ ಮಾಡಿದೆ. ಎರಡು ವರ್ಷ. ಬಂದರಿನಲ್ಲಿ ಮೀನು ಕೊಯ್ದವಳ ಮಂಚದ ಸುತ್ತ ಮೀನು ಜೋಡಿಸಿಟ್ಟು, ಖುಷಿನಾ ಅಂತ ಕೇಳ್ಕೊಂಡು ಬಾ ಹೋಗು."

ಟ್ಯಾಮ್ಸಿನ್ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದಳು. ಗಿರಾಕಿಗಳ ಧ್ವನಿಯನ್ನೆಲ್ಲ ಗಂಟಲಲ್ಲಿ ತುಂಬಿಕೊಂಡು ಮನೆಗೆ ಬರುವ ಹುಡುಗಿ. ಆ ಸಂಜೆಯ ಊಟಕ್ಕೆ ಅಡುಗೆಮನೆಯ ಪುಟ್ಟ ಮೇಜಿನ ಸುತ್ತ ನಾಲ್ವರೂ ಮೊಣಕೈಗೆ ಮೊಣಕೈ ತಾಗಿಸಿ ಕೂತಾಗ, ಅಜ್ಜಿಯ ಈ ಮಾತನ್ನು ಅಜ್ಜಿಯ ಧ್ವನಿಯಲ್ಲೇ, ಊರುಗೋಲಿನ ಟಕಟಕ ಸಮೇತ ಒಪ್ಪಿಸಿದಳು. ಬೆರಿಲ್ ನಕ್ಕಳು, ಕ್ಲೈವ್ ನಕ್ಕ. ಲೋರ್ನಾ ಎದ್ದು ಹುರಿದ ಆಲೂಗೆಡ್ಡೆಯ ತಟ್ಟೆ ತರಲು ಹೋದಳು. ತಟ್ಟೆ ಮೇಜಿನ ಮೇಲೇ ಇತ್ತು.

ಜಗಳ ಶುರುವಾದದ್ದು ಪರದೆಯಿಂದ. ಬಿಸಿಲು ಬಿದ್ದರೆ ದೀಪಗಳ ಬಣ್ಣ ಮಾಸುತ್ತದೆ. ಅದಕ್ಕೆ ಹಗಲೆಲ್ಲ ಪರದೆ ಎಳೆದೇ ಇರಬೇಕು. ಬೆರಿಲ್‌ಗೆ ಬೀದಿ ಬೇಕು. ಯಾರ ನಾಯಿ ಯಾರ ಗೇಟಿನ ಹತ್ತಿರ ಕಾಲೆತ್ತಿತು, ಯಾರ ಮನೆಗೆ ಹೊಸ ಸೋಫಾ ಬಂತು, ಇದು ಗೊತ್ತಾಗದಿದ್ದರೆ ಅವಳಿಗೆ ಚಹಾ ಇಳಿಯದು. ಎರಡನೆಯ ಜಗಳ ಶಾಖದ್ದು. ತಣ್ಣನೆಯ ಕೋಣೆಯಲ್ಲಿ ಮೇಣ ಏಳುವುದಿಲ್ಲ, ಬುಡದಲ್ಲೇ ಮುದುಡಿ ಕೂರುತ್ತದೆ. ಲೋರ್ನಾ ಹೀಟರು ಹಾಕುತ್ತಿದ್ದಳು. ಕಲ್ಲಿದ್ದಲನ್ನು ಎಣಿಸಿ ಒಲೆಗೆ ಹಾಕಿದ ಮನೆಯಲ್ಲಿ ಬೆಳೆದ ಬೆರಿಲ್, ಮೈಮೇಲೆ ಇನ್ನೊಂದು ಸ್ವೆಟರ್ ಏರಿಸಿ, ಸೊಸೆ ಅತ್ತ ತಿರುಗಿದೊಡನೆ ಅದನ್ನು ಆರಿಸುತ್ತಿದ್ದಳು. ಆನ್, ಆಫ್, ಆನ್, ಆಫ್: ಹೀಗೆ ಮಾರ್ಚ್ ಅರ್ಧ ಕಳೆಯಿತು.

ಒಂದು ಗುರುವಾರ ಲೋರ್ನಾ ಕೆಲಸದಿಂದ ಬೇಗ ಬಂದಳು. ಪರದೆ ಪೂರ್ತಿ ತೆರೆದಿತ್ತು. ಬಿಸಿಲು ಕೋಣೆಯೊಳಗೆ ಕಾಲು ಚಾಚಿ ಮಲಗಿತ್ತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಟ್ಯಾಮ್ಸಿನ್ ಬೆಳಕು ಸಾಲದೆಂದು ಹಚ್ಚಿ ಮರೆತಿದ್ದ ಕಪಾಟಿನ ಗಿಡ್ಡ ದೀಪವೊಂದು ಇನ್ನೂ ಕಾದೇ ಇತ್ತು, ಮತ್ತು ಬೆರಿಲ್ ತನ್ನ ಚಹಾ ಕಪ್ಪಿಗೆ ಜಾಗ ಮಾಡಲು ಅದನ್ನು ಎತ್ತಿ ಪಕ್ಕಕ್ಕಿಡುತ್ತಿದ್ದಳು.

"ಅಲ್ಲಾಡಿಸಬೇಡಿ," ಎಂದಳು ಲೋರ್ನಾ ಬಾಗಿಲಲ್ಲೇ ನಿಂತು. "ಬೆರಿಲ್, ಕಾದಿರೋವಾಗ ಅಲ್ಲಾಡಿಸಿದ್ರೆ ಒಳಗೆಲ್ಲ ಕದಡಿ ಹಾಲಿನ ಥರ ಆಗುತ್ತೆ. ಮತ್ತೆ ತಿಳಿಯಾಗಲ್ಲ."

"ನಿನ್ನ ಗಂಡನ ಪೀಪಾಯಿ ಅಲ್ಲಾಡಿಸಬಾರದು, ನಿನ್ನ ಸೀಸೆ ಅಲ್ಲಾಡಿಸಬಾರದು. ಈ ಮನೇಲಿ ಅಲ್ಲಾಡಬಹುದಾದ್ದು ನನ್ನ ಸೊಂಟ ಒಂದೇ."

"ಪರದೆ ಆದ್ರೂ ಎಳೀಬಹುದಿತ್ತು."

"ಎಳೆದು ಏನ್ ನೋಡ್ಲಿ? ಇವನ್ನಾ? ಇವು ನನ್ನನ್ನ ಸಾಕಷ್ಟು ನೋಡಿವೆ."

ಲೋರ್ನಾ ಕೋಟು ಬಿಚ್ಚದೆಯೇ ಮಂಚದ ತುದಿಯಲ್ಲಿ ಕೂತಳು. ಧ್ವನಿ ಏರಿಸಲಿಲ್ಲ. "ಈ ಮನೇಲಿ ಅಡುಗೆಮನೆ ಇದ್ದ ಹಾಗೇ ಸಿಕ್ತು. ಮೇಲಿನ ಕೋಣೆ ಬಣ್ಣ ನನ್ನ ಅಣ್ಣನ ಹತ್ರ ಉಳಿದಿದ್ದ ಡಬ್ಬಿಯದು. ನಾನಾಗಿ ನಾನು ಆರಿಸಿದ್ದು ಅಂದ್ರೆ ಈ ಕೋಣೆ ಒಂದು. ನೀವು ಎಷ್ಟು ದಿನ ಇರ್ತೀರಿ ಅಂತ ನಾನು ಕೇಳಲ್ಲ. ಆದ್ರೆ ಇದು ಹೋದ್ರೆ ನನಗೆ ಇನ್ನೊಂದು ಇಲ್ಲ."

ನನಗೂ ಇನ್ನೊಂದಿಲ್ಲ ಎಂದು ಬೆರಿಲ್ ಹೇಳಬೇಕೆಂದಿದ್ದಳು. ಹೇಳಿದ್ದು, ಚಹಾ ಆರಿಹೋಯಿತು ಎಂದು.

ರಾತ್ರಿಯೂಟಕ್ಕೆ ಅವತ್ತು ಟೋಸ್ಟಿನ ಮೇಲೆ ಬೀನ್ಸ್. ಯಾರಿಗೂ ಅಡುಗೆಯ ಮನಸ್ಸಿರಲಿಲ್ಲ ಎಂಬುದಕ್ಕೆ ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಗುರುತಿಲ್ಲ. ಕ್ಲೈವ್ ಇಬ್ಬರ ಮುಖವನ್ನೂ ನೋಡಿ, ಬಸ್ಸಿನ ಕನ್ನಡಿಯಲ್ಲಿ ಹಿಂದಿನ ಗಲಾಟೆ ಕಂಡೂ ಕಾಣದಂತೆ ಓಡಿಸುವವನ ಜಾಣತನದಿಂದ, ಹೊಸ ಬಿಯರಿನ ರುಚಿಯ ಬಗ್ಗೆ ಮಾತಾಡಿದ.

ಈಸ್ಟರ್ ಹತ್ತಿರ ಬಂತು. ಆ ವರ್ಷ ಏಪ್ರಿಲ್ ಒಂದು ಈಸ್ಟರ್ ಸೋಮವಾರಕ್ಕೇ ಬಿದ್ದಿತ್ತು. ಏಪ್ರಿಲ್ ಫೂಲ್ ವಿಷಯದಲ್ಲಿ ಬೆರಿಲ್ ಇಡೀ ಬೀದಿಗೆ ಹೆಸರಾದವಳು. ಗಂಡ ಬದುಕಿದ್ದಾಗ ಅವನ ಪ್ಯಾಂಟಿನ ಕಾಲುಗಳನ್ನು ಹೊಲಿದು ಮುಚ್ಚಿದವಳು, ಹಾಲಿನವನಿಗೆ ಆಸ್ಟ್ರಿಚ್ ಮೊಟ್ಟೆ ಬೇಕೆಂದು ಚೀಟಿ ಇಟ್ಟವಳು. ನಿಯಮದಲ್ಲಿ ಮಾತ್ರ ಕಟ್ಟುನಿಟ್ಟು: ಎಲ್ಲ ಮಧ್ಯಾಹ್ನ ಹನ್ನೆರಡರೊಳಗೆ. ಗಂಟೆ ದಾಟಿದ ಮೇಲೆ ಯಾರನ್ನು ಮೂರ್ಖ ಮಾಡಹೊರಟರೂ ಮಾಡಿದವರೇ ಮೂರ್ಖರು. ಕ್ಲೈವ್ ಚಿಕ್ಕವನಿದ್ದಾಗ ಹನ್ನೆರಡು ದಾಟಿದ ಮೇಲೆ ಅವಳ ಚಹಾಕ್ಕೆ ಉಪ್ಪು ಹಾಕಿ, ರಾತ್ರಿಯೂಟದ ತನಕ ತಲೆಯ ಮೇಲೆ ಕಾಗದದ ಟೋಪಿ ಹೊತ್ತು ಕೂತಿದ್ದ.

ಈ ಸಲದ ಯೋಜನೆಗೆ ಟ್ಯಾಮ್ಸಿನ್ ಬಲಗೈ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಲೋರ್ನಾ ತೊಳೆದಿಟ್ಟಿದ್ದ ಖಾಲಿ ಸೀಸೆಯೊಂದಿತ್ತು, ಕಿತ್ತಳೆ ದೀಪದ ಸೀಸೆಯ ಅವಳಿ. ಬೆರಿಲ್ ಅದರ ತಳಕ್ಕೆ ಕಿತ್ತಳೆ ಜೆಲ್ಲಿ ಕರಗಿಸಿ ಹೊಯ್ದಳು. ಮೇಣದಂತೆ ಮಂದವಾಗಿ ಕಾಣಲೆಂದು ಡಬ್ಬಿ ಹಾಲು ಬೆರೆಸಿದಳು. ಗಟ್ಟಿಯಾಗಲೆಂದು ಜೆಲ್ಲಿಯನ್ನು ದುಪ್ಪಟ್ಟು ಹಾಕಿದಳು. ಮೊಮ್ಮಗಳು ಅದನ್ನು ಫ್ರಿಜ್ಜಿನಲ್ಲಿ ಎಲೆಕೋಸಿನ ಹಿಂದೆ ಅಡಗಿಸಿ, ಬೆಳಗಾದ ಮೇಲೆ ಮೇಲಿಂದ ತಣ್ಣೀರು ತುಂಬಿ, ಕಿತ್ತಳೆ ದೀಪದ ಬುಡದ ಮೇಲೆ ಕೂರಿಸಿದಳು. ನಿಜವಾದ ಸೀಸೆ ಬೆರಿಲ್‌ಳ ಬೀರುವಿನಲ್ಲಿ ಉಣ್ಣೆಯ ಕಾರ್ಡಿಗನ್ ಹೊದ್ದು ಮಲಗಿತು. ದೀಪ ಹಚ್ಚಿದ ಹತ್ತು ನಿಮಿಷಕ್ಕೆ ಜೆಲ್ಲಿ ಕರಗಿ ಸೀಸೆಯೆಲ್ಲ ಕದಡಬೇಕು, ಲೋರ್ನಾ ಕಿರುಚಬೇಕು, ಆಗ ಏಪ್ರಿಲ್ ಫೂಲ್ ಎನ್ನಬೇಕು. ಅಷ್ಟೇ. ಸೊಸೆಗೆ ಸ್ವಲ್ಪ ಚುರುಕು ಮುಟ್ಟಿದರೆ ಅದೂ ತಪ್ಪಲ್ಲ.

ಸೋಮವಾರ ಕ್ಲೈವ್ ಬಸ್ಸಿಗೆ ಹೋಗಿದ್ದ. ಲೋರ್ನಾ ಬಟ್ಟೆ ಒಣಹಾಕಿದಳು, ಹಿಂದಿನ ದಿನದ ಕುರಿಮಾಂಸವನ್ನು ಪೈಗೆಂದು ಹೆಚ್ಚಿದಳು, ಒಲೆ ತಿಕ್ಕಿದಳು. ಹನ್ನೊಂದಾದರೂ ಮುಂದಿನ ಕೋಣೆಯತ್ತ ಅವಳು ತಿರುಗದಿದ್ದಾಗ ಬೆರಿಲ್‌ಗೆ ತಡೆಯಲಾಗಲಿಲ್ಲ. ಕುರ್ಚಿಯಿಂದಲೇ ಕೂಗಿ, ಆ ಕಿತ್ತಳೆ ದೀಪ ಹಚ್ಚು ನೋಡೋಣ ಎಂದಳು. ಲೋರ್ನಾ ಒರೆಸುವ ಬಟ್ಟೆ ಹಿಡಿದೇ ಬಾಗಿಲಿಗೆ ಬಂದಳು.

"ಯಾವುದು?"

"ಅದೇ, ಕನ್ನಡಿ ಮುಂದಿನದು. ಪರದೆ ಹಾಗೇ ಇರ್ಲಿ. ಕತ್ತಲಲ್ಲೇ ಚೆನ್ನಾಗಿ ಕಾಣೋದು."

ಲೋರ್ನಾ ಏಪ್ರನ್ ಬಿಚ್ಚಿದಳು. ದೀಪದ ಸ್ವಿಚ್ಚು ಒತ್ತಿ ಒಳಗೆ ಹೋದವಳು, ಉಳಿದಿದ್ದ ಈಸ್ಟರ್ ಬನ್ನುಗಳನ್ನು ಕಾಯಿಸಿ, ಬೆಣ್ಣೆ ಸವರಿ, ಒಳ್ಳೆಯ ಕಪ್ಪುಗಳಲ್ಲಿ ಚಹಾ ತಂದಳು. ಕುರ್ಚಿಯೊಂದನ್ನು ಅತ್ತೆಯ ಕುರ್ಚಿಯ ಪಕ್ಕಕ್ಕೆ ಎಳೆದು ಕೂತಳು. ಟ್ಯಾಮ್ಸಿನ್ ಮೆಟ್ಟಿಲ ಮೇಲೆ ಕೂತು, ನಗು ತಡೆಯಲು ಮೊಣಕಾಲು ಕಚ್ಚಿಕೊಂಡಳು.

ಹತ್ತು ನಿಮಿಷವಾಯಿತು. ಜೆಲ್ಲಿ ಜಪ್ಪಯ್ಯ ಎನ್ನಲಿಲ್ಲ. ಫ್ರಿಜ್ಜಿನ ಚಳಿ, ದುಪ್ಪಟ್ಟು ಗಟ್ಟಿ. ಸಾಲದ್ದಕ್ಕೆ ಬೆರಿಲ್ ಬೆಳಿಗ್ಗೆ ಎದ್ದವಳೇ ಅಭ್ಯಾಸಬಲದಿಂದ ಹೀಟರು ಆರಿಸಿದ್ದಳು. ಕೋಣೆ ಬಾವಿಯ ಹಾಗೆ ತಣ್ಣಗಿತ್ತು. ಲೋರ್ನಾ ಅದನ್ನು ಗಮನಿಸಿದಳು, ಆದರೆ ಇವತ್ತು ಹೀಟರಿನ ಗೊಡವೆಗೆ ಹೋಗದೆ ತಾನೂ ಒಂದು ಕಂಬಳಿ ಹೊದ್ದಳು. ಹಳೇ ದೀಪ, ನಿಧಾನ, ಕಾಯೋಣ ಎಂದಳು. ಕಾಯಬೇಕಾದದ್ದು ದೀಪ, ಕಾದದ್ದು ಇಬ್ಬರು ಹೆಂಗಸರು.

ಸುಮ್ಮನೆ ಕೂರಲಾರದೆ ಬೆರಿಲ್ ಮಾತು ತೆಗೆದಳು. ಕಾರ್ಖಾನೆಯಲ್ಲಿ ತನ್ನ ಪಕ್ಕ ನಿಲ್ಲುತ್ತಿದ್ದ ಮಾವಿಸ್ ಎಂಬವಳ ಸುದ್ದಿ ಹೇಳಿದಳು. ಅವಳು ಊಟದ ಸಾಸೇಜ್ ರೋಲನ್ನು ದೀಪದ ಡಬ್ಬಿಯಲ್ಲಿ ಅಡಗಿಸಿಟ್ಟಾಗ ಅದೂ ದೀಪದ ಜೊತೆ ಲಾರಿ ಹತ್ತಿಹೋಯಿತು. ಮೇಲ್ವಿಚಾರಕನ ಕೆಮ್ಮನ್ನು ಅನುಕರಿಸಿದಳು. ಲೋರ್ನಾ ನಕ್ಕಳು, ಬನ್ನಿನ ಚೂರು ಗಂಟಲಿಗೆ ಸಿಕ್ಕಿತು, ಬೆರಿಲ್ ಬೆನ್ನು ತಟ್ಟಿದಳು. ಅರವತ್ತು ವರ್ಷ ಯಾರಿಗೂ ಹೇಳದ ಸುದ್ದಿಗಳು ಒಂದರ ಬಾಲ ಒಂದು ಹಿಡಿದು ಬಂದವು. ಗೋಡೆಯ ಗಡಿಯಾರ ನೋಡುವುದನ್ನು ಅವಳು ಒಂದೆರಡು ಸಲ ಮರೆತೇಬಿಟ್ಟಳು.

ಹನ್ನೆರಡಕ್ಕೆ ಸ್ವಲ್ಪ ಮುಂಚೆ ಲೋರ್ನಾ ಕಪ್ಪು ಕೆಳಗಿಟ್ಟಳು.

"ಬೆರಿಲ್, ನಾನು ಒಂದು ಹೇಳ್ತೀನಿ. ಈ ಕೋಣೆ ನೀವು ಇಟ್ಕೊಳ್ಳಿ. ಮೆಟ್ಟಿಲ ತುದಿಯ ಜಾಗದಲ್ಲಿ ಆರು ದೀಪ ಹಿಡಿಸುತ್ತೆ, ಮಿಕ್ಕಿದ್ದು ಅಟ್ಟಕ್ಕೆ. ಪರದೆ ತೆಗೀರಿ, ಬೀದಿ ನೋಡಿ. ನೀವಾಗೇ ದೀಪ ಹಚ್ಚು ಅಂದ್ರಲ್ಲ, ನನಗೆ ಅಷ್ಟು ಸಾಕು."

ಮೆಟ್ಟಿಲ ಮೇಲೆ ಟ್ಯಾಮ್ಸಿನ್ ಮೊಣಕಾಲು ಕಚ್ಚುವುದನ್ನು ಬಿಟ್ಟಳು. ಅಜ್ಜಿಗೆ ಕಣ್ಣಲ್ಲೇ ಗಡಿಯಾರ ತೋರಿಸಿದಳು. ಇನ್ನೂ ಹೊತ್ತಿತ್ತು. ಈಗಲೇ ಹೇಳಿಬಿಟ್ಟರೆ ಆಟ ಬೆರಿಲ್‌ಳದು. ಹೇಳದಿದ್ದರೂ ಆಟ ಅವಳದೇ. ಆರು ವಾರದಿಂದ ಬೇಕಾಗಿದ್ದ ಕೋಣೆ ಈಗ ಮಡಿಲಿಗೆ ಬಂದು ಕೂತಿತ್ತು. ಬೆರಿಲ್ ಸೊಸೆಯ ಮುಖ ನೋಡಿದಳು. ಹೇಳಲೆಂದು ತೆರೆದ ಬಾಯಿಗೆ ಬನ್ನು ತುರುಕಿದಳು. ಅಡುಗೆಮನೆಯ ರೇಡಿಯೋ ಹನ್ನೆರಡರ ಸದ್ದು ಮಾಡಿ ವಾರ್ತೆ ಶುರುಮಾಡಿತು. ಬನ್ನು ಇನ್ನೂ ಬಾಯಲ್ಲೇ ಇತ್ತು.

ಹಾಳು ಜೆಲ್ಲಿಗೆ ಆಗ ಜೀವ ಬಂತು. ತಳದಿಂದ ಒಂದು ಮೂಲೆ ಕುಸಿಯಿತು. ಹಾಲುಬಣ್ಣದ ಕಿತ್ತಳೆ ಹೊಗೆ ಸುರುಳಿ ಸುರುಳಿಯಾಗಿ ಮೇಲೆದ್ದು ಸೀಸೆಯನ್ನೆಲ್ಲ ತುಂಬಿತು. ಲೋರ್ನಾ ಎದ್ದು ನಿಂತಳು. ಕಿರುಚಲಿಲ್ಲ. ಕೈ ಬಾಯಿಗೆ ಹೋಗಿ ಅಲ್ಲೇ ಉಳಿಯಿತು.

"ಕದಡಿಹೋಯ್ತು," ಎಂದಳು ಸಣ್ಣಗೆ.

"ಜೆಲ್ಲಿ ಅದು," ಎಂದಳು ಬೆರಿಲ್. "ನಿನ್ನ ಸೀಸೆ ನನ್ನ ಬೀರುವಿನಲ್ಲಿದೆ, ಕಾರ್ಡಿಗನ್ ಒಳಗೆ. ಬೆಚ್ಚಗಿದೆ. ನನಗಿಂತ ಬೆಚ್ಚಗಿದೆ."

ಲೋರ್ನಾ ಬಗ್ಗಿ ಸೀಸೆಯ ಮುಚ್ಚಳ ಎತ್ತಿ ಮೂಸಿದಳು. ಮಕ್ಕಳ ಹುಟ್ಟುಹಬ್ಬದ ವಾಸನೆ ಕೋಣೆಯಲ್ಲಿ ಹರಡಿತು. ಅವಳು ಅತ್ತೆಯನ್ನು ನೋಡಿದಳು, ಮಗಳನ್ನು ನೋಡಿದಳು, ಕೊನೆಗೆ ಗಡಿಯಾರ ನೋಡಿದಳು.

"ಹನ್ನೆರಡು ದಾಟಿದೆ."

"ದಾಟಿದೆ."

"ಹಾಗಿದ್ರೆ ಮೂರ್ಖರು ಯಾರು?"

"ನಾನೇ ಕಣೇ," ಎಂದಳು ಬೆರಿಲ್. "ಅದಕ್ಕೆ ಹೇಳ್ತೀನಿ, ಕೋಣೆ ವಾಪಸ್ ತಗೋ. ದೀಪ ನೋಡೋ ಆಸೆಯಿಂದ ಕೇಳಲಿಲ್ಲ ನಾನು. ಮೋಸದಲ್ಲಿ ಸಿಕ್ಕಿದ್ದು ನನಗೆ ಬೇಡ."

"ಕೊಟ್ಟಿದ್ದು ಕೊಟ್ಟೆ. ಮಾವಿಸ್ ಸುದ್ದಿ ಮೋಸ ಆಗಿರ್ಲಿಲ್ವಲ್ಲ."

"ಅದು ನಿಜ. ಆದ್ರೂ ಬೇಡ."

"ತಗೊಳ್ಳಿ ಅಂದ್ರೆ."

ಆರು ವಾರ ಕೋಣೆಯನ್ನು ತನಗೆ ತನಗೆ ಎಂದು ಎಳೆದಾಡಿದವರು ಈಗ ನಿನಗೆ ನಿನಗೆ ಎಂದು ತಳ್ಳಾಡತೊಡಗಿದರು. ಅಟ್ಟದ ಚಳಿಗೆ ದೀಪ ಹಾಳಾಗುತ್ತದೆ ಎಂದು ಬೆರಿಲ್, ಕತ್ತಲಲ್ಲಿ ಕೂತು ನಿಮ್ಮ ಆರೋಗ್ಯ ಹಾಳಾಗುತ್ತದೆ ಎಂದು ಲೋರ್ನಾ, ಎರಡೂ ಸ್ವರಗಳು ನಿಧಾನಕ್ಕೆ ಏರತೊಡಗಿದಾಗ, ಮೆಟ್ಟಿಲ ಮೇಲಿನಿಂದ ಕ್ಲೈವ್‌ನ ಭಾರವಾದ ಗಂಟಲು ಕೇಳಿಸಿತು: "ಹುದುಗು ಬರ್ತಿರೋವಾಗ ಅಲ್ಲಾಡಿಸಬಾರದಮ್ಮ."

ಟ್ಯಾಮ್ಸಿನ್ ಅದನ್ನು ಅಪ್ಪನ ಧ್ವನಿಯಲ್ಲಿ ತಮಾಷೆಗೆ ಅಂದಿದ್ದಳು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊಟದ ಕೋಣೆಗೂ ಕಿಟಕಿಯಿತ್ತು. ಅದರಾಚೆ ಹಿತ್ತಿಲು, ಹಿತ್ತಿಲಾಚೆ ಓಣಿ, ಓಣಿಯಾಚೆ ಎಂಟು ಮನೆಗಳ ಬೆನ್ನು. ಜನರ ಮುಂಬಾಗಿಲಿಗಿಂತ ಹಿಂಬಾಗಿಲಲ್ಲೇ ಸುದ್ದಿ ಹೆಚ್ಚು ಎಂಬುದನ್ನು ಬೆರಿಲ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಬಿಸಿಲು ಬರುತ್ತಾ ಅಲ್ಲಿ?" ಎಂದಳು.

"ಮಧ್ಯಾಹ್ನ ಪೂರ್ತಿ," ಎಂದಳು ಲೋರ್ನಾ, ತೋಳು ಮಡಚುತ್ತ.

ಪೈ ಒಲೆಗೆ ಹೋಗಲಿಲ್ಲ. ತಿಂದ ಬನ್ನಿನ ಬಲದ ಮೇಲೆಯೇ ಮೂವರೂ ಕೆಲಸಕ್ಕೆ ನಿಂತರು. ಬೆರಿಲ್ ಕೂತಲ್ಲಿಂದಲೇ ಊರುಗೋಲಿನಲ್ಲಿ ಯಾವುದು ಎಲ್ಲಿಗೆ ಎಂದು ತೋರಿಸಿದಳು. ಕೊಳವೆಗಳು ಬಕೆಟ್ಟಿಗೆ ಇಳಿದವು, ಜಾಡಿಗಳು ಮುಂಬಾಗಿಲ ಒಳಗೆ ಸಾಲುಗಟ್ಟಿ ನಿಂತವು, ಒಂದು ಪೀಪಾಯಿ ಉರುಳಿಸುವ ಹೊತ್ತಿಗೆ ಗುಳುಗುಳು ಎಂದು ಬೈದುಕೊಂಡಿತು.

ಎರಡೂವರೆಗೆ ಕ್ಲೈವ್ ಬಂದ. ಬಸ್ಸಿನ ಕೋಟು ತೋಳಿನ ಮೇಲೆ, ಊಟದ ಡಬ್ಬಿ ಕೈಯಲ್ಲಿ. ಬಾಗಿಲು ತೆರೆದವನು ಮೊದಲ ಜಾಡಿಗೆ ಎಡವಿ, ಎರಡನೆಯದನ್ನು ಹಿಡಿದುಕೊಂಡು ನಿಂತ. ಹೆಂಡತಿಯೂ ಮಗಳೂ ಪೀಪಾಯಿಯ ಎರಡು ತುದಿ ಹಿಡಿದಿದ್ದರು. ತಾಯಿ ಊಟದ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು.

"ಇನ್ಮೇಲೆ ಇದು ನನ್ನ ಕೋಣೆ ಕಣೋ," ಎಂದಳು ಬೆರಿಲ್. "ನಿನ್ನ ಬಿಯರು ಹಿತ್ತಿಲ ಶೆಡ್ಡಿಗೆ ಹೋಗ್ತಿದೆ. ಮುಂದಿನ ಕೋಣೆ ಲೋರ್ನಾದು. ನಾವಿಬ್ಬರೂ ಒಪ್ಪಿ ಆಗಿದೆ."

ಕ್ಲೈವ್ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಇಬ್ಬರೂ ಒಪ್ಪಿ, ಎಂಬ ಮಾತನ್ನು ಒಂದು ಸಲ ಬಾಯಲ್ಲಿ ತಿರುಗಿಸಿದ. ಆಮೇಲೆ ಅವನ ಮುಖ ಮೆಲ್ಲಮೆಲ್ಲನೆ ಅರಳಿತು.

"ಅಮ್ಮಾ, ಗಂಟೆ ನೋಡಿದ್ಯಾ?" ಎಂದ. "ಎರಡೂವರೆ. ಎರಡೂವರೆಗೆ ಏಪ್ರಿಲ್ ಫೂಲಾ? ನನಗೆ ಟೋಪಿ ಹಾಕಿ ಕೂರಿಸಿದವಳು ನೀನು. ನೀನೇ ಅಮ್ಮ ಮೂರ್ಖಳು. ನೀವು ಮೂರೂ ಜನ."

ಮತ್ತು ನಕ್ಕ. ನಲವತ್ತೈದು ವರ್ಷದ ಬಾಕಿಯನ್ನೆಲ್ಲ ಒಟ್ಟಿಗೆ ನಕ್ಕ. ಮೂವರು ಹೆಂಗಸರಿಗೂ ನಗು ಬಂತು, ಆದರೆ ಅವನದರ ಸದ್ದಿಗೆ ಅವರದು ಕೇಳಿಸಲೇ ಇಲ್ಲ. ಕಣ್ಣೊರೆಸಿಕೊಳ್ಳುತ್ತ, ಉಸಿರು ಸಿಗದೆ ಗೋಡೆ ಹಿಡಿದು, ಎಂಥ ತಯಾರಿ, ನಿಜವಾಗಿ ಪೀಪಾಯಿಯನ್ನೇ ಎತ್ತಿದ್ದೀರಲ್ಲ ಎಂದು ಮೆಚ್ಚಿಕೊಂಡು, ಭಾರ ಹೊತ್ತು ಬರುತ್ತಿದ್ದ ಹೆಂಡತಿ ಮಗಳಿಗೆ ದಾರಿಯಾಗಲೆಂದು ಹಿತ್ತಿಲ ಬಾಗಿಲನ್ನು ತಾನೇ ತೆರೆದು ಹಿಡಿದು, ಪೀಪಾಯಿ ಅವನ ಮುಂದೆಯೇ ಹೊಸ್ತಿಲು ದಾಟಿ ಶೆಡ್ಡಿನತ್ತ ಹೋಗುವ ತನಕ ಕ್ಲೈವ್ ಬಿದ್ದು ಬಿದ್ದು ನಗುತ್ತಲೇ ಇದ್ದ.